ಚಾತುರ್ಮಾಸ್ಯ: ತರಕಾರಿ ಬಿಡುವುದಕ್ಕೂ ಮೊದಲಿನ ಮಾತು

ಆಷಾಢ ಶುದ್ಧ ಏಕಾದಶಿ ಹತ್ತಿರ ಬಂತೆಂದರೆ ಉಡುಪಿ ಕಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ: ಮಳೆಗಾಲದ ಚಾತುರ್ಮಾಸ್ಯ ವ್ರತದ ಮೊದಲ ತಿಂಗಳಲ್ಲಿ, ತರಕಾರಿ ಬಿಡುವ ಶಾಕವ್ರತಕ್ಕೆ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ಜೀರಿಗೆ ಆಗುತ್ತದಾ? ಇಂಗು? ಒಣಮೆಣಸು? ವಾಟ್ಸಾಪಿನಲ್ಲಿ ಪಟ್ಟಿಗಳು ಹರಿದಾಡುತ್ತವೆ, ಒಂದಕ್ಕೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಪಟ್ಟಿ ಬೇಡವೆಂದಲ್ಲ, ಮುಂದೆ ನಾನೂ ಬರೆಯುತ್ತೇನೆ. ಆದರೆ ಚಾತುರ್ಮಾಸ್ಯ ಹುಟ್ಟಿದ್ದು ಊಟದ ನಿಯಮವಾಗಿ ಅಲ್ಲ, ನಡೆಯುವುದನ್ನು ನಿಲ್ಲಿಸುವ ನಿಯಮವಾಗಿ. ಅಷ್ಟು ತಿಳಿದುಕೊಂಡರೆ ಪಟ್ಟಿಯಲ್ಲಿ ಇಲ್ಲದ ವಸ್ತುವಿನ ಬಗ್ಗೆಯೂ ಸ್ವಲ್ಪಮಟ್ಟಿಗೆ ನಾವೇ ತೀರ್ಮಾನಕ್ಕೆ ಬರಬಹುದು.

ನಮ್ಮ ಕರಾವಳಿಯ ಮಳೆಗಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಗಳೂರಿನಲ್ಲಿ ಜುಲೈ ಒಂದು ತಿಂಗಳಲ್ಲೇ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅಂಗಳದಲ್ಲಿ ಪಾಚಿ, ಗದ್ದೆಯ ಬದುವಿನಲ್ಲಿ ಎಳೆ ಹುಲ್ಲು, ಹೆಜ್ಜೆಗೊಂದು ಎರೆಹುಳು, ಬಸವನಹುಳು, ಸಹಸ್ರಪದಿ. ಇಂಥ ನೆಲದ ಮೇಲೆ ದಿನವೂ ಊರಿಂದೂರಿಗೆ ನಡೆಯುವ ಸಂನ್ಯಾಸಿ ಎಷ್ಟು ಜೀವ ತುಳಿಯುತ್ತಾನೆ ಎಂಬ ಲೆಕ್ಕದಿಂದಲೇ ವೈದಿಕ, ಜೈನ, ಬೌದ್ಧ ಮೂರೂ ಪರಂಪರೆಗಳ ವರ್ಷಾವಾಸ, ಅಂದರೆ ಮಳೆಗಾಲದಲ್ಲಿ ಒಂದೆಡೆ ನೆಲೆಸುವುದು, ಶುರುವಾಗುವುದು. ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ಪಾಲಿ ವಿನಯಪಿಟಕದ ಮಹಾವಗ್ಗದಲ್ಲಿ ಇದರ ಹಿನ್ನೆಲೆ ಸ್ಪಷ್ಟವಾಗಿದೆ. ಬುದ್ಧ ರಾಜಗೃಹದ ವೇಳುವನದಲ್ಲಿದ್ದಾಗ ಜನ ದೂರುತ್ತಾರೆ: ಬೇರೆ ಪಂಥದ ಪರಿವ್ರಾಜಕರು ಮಳೆಗಾಲದಲ್ಲಿ ಒಂದೆಡೆ ಇರುತ್ತಾರೆ, ಹಕ್ಕಿಗಳೂ ಮರದ ತುದಿಯಲ್ಲಿ ಗೂಡು ಕಟ್ಟಿ ಇರುತ್ತವೆ, ಈ ಶಾಕ್ಯಪುತ್ರರು (ಬುದ್ಧನ ಭಿಕ್ಷುಗಳು) ಮಾತ್ರ ಹಸಿರು ಹುಲ್ಲು ತುಳಿಯುತ್ತ, ಒಂದೇ ಇಂದ್ರಿಯದ ಜೀವಗಳನ್ನು ಹಿಂಸಿಸುತ್ತ, ಸಣ್ಣ ಸಣ್ಣ ಪ್ರಾಣಿಗಳನ್ನು ಕೊಲ್ಲುತ್ತ ಓಡಾಡುತ್ತಾರಲ್ಲ! ಆಮೇಲೆ ಬುದ್ಧ ವಸ್ಸಾವಾಸದ (ವರ್ಷಾವಾಸದ ಪಾಲಿ ಹೆಸರು) ನಿಯಮ ಮಾಡಿದ. ಗಿಡವನ್ನು ಒಂದೇ ಇಂದ್ರಿಯದ ಜೀವ ಎಂದು ಎಣಿಸುವುದು ಜೈನರ ಮಾತೂ ಹೌದು. ಅಂದರೆ ನಿಯಮ ಬೌದ್ಧರದಾದರೂ ಅದರ ಹಿಂದಿನ ಆಲೋಚನೆ ಆ ಕಾಲದ ಶ್ರಮಣರೆಲ್ಲರ ಸೊತ್ತು.

ಹೆಸರು ಚಾತುರ್ಮಾಸ್ಯ ಎಂದಿದ್ದರೂ ಅವಧಿ ಎಲ್ಲರಿಗೂ ನಾಲ್ಕು ತಿಂಗಳಲ್ಲ. ಗೊಂದಲ ಹೆಚ್ಚಾಗುವುದು ಇಲ್ಲಿಯೇ. ಗೃಹಸ್ಥರ ವ್ರತ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿವರೆಗೆ, ಪೂರಾ ನಾಲ್ಕು ತಿಂಗಳು. ಸ್ಮಾರ್ತ ಪೀಠಗಳ ಯತಿಗಳು ಆಷಾಢ ಹುಣ್ಣಿಮೆಯಂದು ವ್ಯಾಸಪೂಜೆ ಮಾಡಿ ಕುಳಿತರೆ ಭಾದ್ರಪದ ಹುಣ್ಣಿಮೆಯಂದು ಸೀಮೋಲ್ಲಂಘನ (ಊರಿನ ಗಡಿ ದಾಟುವ ವಿಧಿ) ಮಾಡಿ ಏಳುತ್ತಾರೆ. ಎರಡೇ ತಿಂಗಳಾಯಿತಲ್ಲ ಎಂದರೆ ‘ಪಕ್ಷೋ ವೈ ಮಾಸಃ’ ಎಂಬ ಆಧಾರ ಕೊಡುತ್ತಾರೆ, ನಾಲ್ಕು ಪಕ್ಷಗಳೇ ನಾಲ್ಕು ಮಾಸಗಳು. 2025ರಲ್ಲಿ ಇದು ಜುಲೈ 10ರಿಂದ ಸೆಪ್ಟೆಂಬರ್ 7ರವರೆಗೆ ಇತ್ತು. ಉಡುಪಿಯ ಮಾಧ್ವ ಯತಿಗಳು ಸಂಕಲ್ಪ ಮಾಡುವ ತಿಥಿ ಮಠದಿಂದ ಮಠಕ್ಕೆ ಬೇರೆಯಾಗಬಹುದು. ಆಯಾ ಮಠದ ಪಂಚಾಂಗ ನೋಡಿಯೇ ಹೊರಡಬೇಕು. ಪಾಲಿ ಗ್ರಂಥಗಳನ್ನು ಅನುಸರಿಸುವ ಥೇರವಾದಿ ಬೌದ್ಧ ಭಿಕ್ಷುಗಳಿಗೆ ಮೂರು ತಿಂಗಳು: ಆಷಾಢ ಹುಣ್ಣಿಮೆಯ ಮರುದಿನದಿಂದ ಆಶ್ವಯುಜ ಹುಣ್ಣಿಮೆವರೆಗೆ. ದಿಗಂಬರ ಜೈನ ಮುನಿಗಳ ವರ್ಷಾಯೋಗ ಆಷಾಢ ಶುದ್ಧ ಚತುರ್ದಶಿಗೆ ಶುರುವಾಗಿ ದೀಪಾವಳಿ ಅಮಾವಾಸ್ಯೆಗೆ ಮುಗಿಯುತ್ತದೆ, ಸುಮಾರು ಮೂರೂವರೆ ತಿಂಗಳು. ಶ್ವೇತಾಂಬರರು ಕಾರ್ತಿಕ ಹುಣ್ಣಿಮೆವರೆಗೆ ಇರುತ್ತಾರೆ.

ಉತ್ತರದ ಜೈನ ಪಂಚಾಂಗ ಹಿಡಿದವರು ಒಂದು ವಿಷಯ ಗಮನದಲ್ಲಿಡಬೇಕು. ಮಹಾವೀರರ ನಿರ್ವಾಣವನ್ನು ಅಲ್ಲಿ ಕಾರ್ತಿಕ ಕೃಷ್ಣ ಅಮಾವಾಸ್ಯೆ ಎಂದು ಬರೆದಿರುತ್ತದೆ. ಅದು ನಮ್ಮ ಕಾರ್ತಿಕ ಬಹುಳ ಅಮಾವಾಸ್ಯೆ ಅಲ್ಲ, ಆಶ್ವಯುಜ ಬಹುಳ ಅಮಾವಾಸ್ಯೆ, ಅಂದರೆ ದೀಪಾವಳಿಯದೇ ಅಮಾವಾಸ್ಯೆ. ಅವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಶುಕ್ಲಪಕ್ಷದಲ್ಲಿ ವ್ಯತ್ಯಾಸ ಬರುವುದಿಲ್ಲ, ಕೃಷ್ಣಪಕ್ಷದಲ್ಲಿ ಮಾತ್ರ ಅವರ ತಿಂಗಳ ಹೆಸರು ಒಂದು ಮುಂದಿರುತ್ತದೆ. ಇನ್ನು ತುಳುನಾಡಿನ ಆಟಿ ತಿಂಗಳನ್ನು ಆಷಾಢ ಎಂದೇ ತಿಳಿಯುವವರಿದ್ದಾರೆ. ಆಟಿ ಸೌರಮಾನದ ತಿಂಗಳು, ಕರ್ಕಾಟಕ ಸಂಕ್ರಮಣದಿಂದ, ಜುಲೈ ಮಧ್ಯದಲ್ಲಿ ಶುರು. ಚಾತುರ್ಮಾಸ್ಯ ಚಾಂದ್ರಮಾನದ್ದು, ವರ್ಷವರ್ಷಕ್ಕೂ ಹಿಂದೆ ಮುಂದೆ ಜರುಗುತ್ತದೆ. 2023ರಂತೆ ಶ್ರಾವಣ ಅಧಿಕವಾಗಿ ಬಂದರೆ, ಅಥವಾ 2020ರಂತೆ ಆಶ್ವಯುಜ ಅಧಿಕವಾದರೆ, ನಾಲ್ಕು ತಿಂಗಳ ವ್ರತ ಐದು ತಿಂಗಳಿಗೆ ಎಳೆಯುತ್ತದೆ.

ಶುರುವಿನ ಏಕಾದಶಿಯನ್ನು ಗೊತ್ತುಮಾಡುವುದೂ ಸುಲಭವಲ್ಲ. ಸ್ಮಾರ್ತರು ಸೂರ್ಯೋದಯದ ಹೊತ್ತಿನ ತಿಥಿ ನೋಡುತ್ತಾರೆ. ಮಾಧ್ವರಿಗೆ ಅರುಣೋದಯಕ್ಕೇ ದಶಮಿ ಕಳೆದಿರಬೇಕು. ಅರುಣೋದಯವೆಂದರೆ ಸೂರ್ಯೋದಯಕ್ಕೆ 4 ಘಳಿಗೆ ಮೊದಲು. ಘಳಿಗೆಗೆ 24 ನಿಮಿಷದಂತೆ 96 ನಿಮಿಷ. ಆ ಹೊತ್ತಿಗೆ ದಶಮಿ ಚೂರು ಉಳಿದಿದ್ದರೂ ಅದು ದಶಮೀವಿದ್ಧ, ಅಂದರೆ ದಶಮಿ ತಾಗಿದ ಏಕಾದಶಿ, ಉಪವಾಸ ಮರುದಿನ ದ್ವಾದಶಿಗೆ. ಬೆಂಗಳೂರಿನ ಹೊತ್ತನ್ನು ಉಡುಪಿಯಲ್ಲಿ ಬಳಸಿದರೆ ಎಲ್ಲಿ ತಪ್ಪುತ್ತದೆ ನೋಡಿ. ತಿಥಿ ಮುಗಿಯುವ ಗಳಿಗೆ ಎರಡೂ ಕಡೆ ಒಂದೇ. ಆದರೆ ರೇಖಾಂಶದ ಅಂತರದಿಂದಾಗಿ ಉಡುಪಿಯಲ್ಲಿ ಸೂರ್ಯ ಹುಟ್ಟುವುದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ. ಜುಲೈ ಮೊದಲ ವಾರದಲ್ಲಿ ಉಡುಪಿಯ ಸೂರ್ಯೋದಯ 6:08 ಎಂದಿಟ್ಟುಕೊಂಡರೆ ಅರುಣೋದಯ 4:32, ಬೆಂಗಳೂರಿನದು 4:21. ದಶಮಿ 4:27ಕ್ಕೆ ಮುಗಿಯಿತು ಎನ್ನೋಣ. ಉಡುಪಿಯಲ್ಲಿ ಏಕಾದಶಿ ಶುದ್ಧ, ಬೆಂಗಳೂರಿನಲ್ಲಿ ವಿದ್ಧ! ಹೀಗೆ ಅಂಚಿನಲ್ಲಿ ಬರುವ ಏಕಾದಶಿಗಳು ಕಡಿಮೆ. ಆದರೆ ಬಂದಾಗ ನಿರ್ಣಯಕ್ಕೆ ಸ್ಥಳೀಯ ಪಂಚಾಂಗವೇ ಗತಿ. ಗಲ್ಫ್‌ನಲ್ಲಿರುವ ನಮ್ಮೂರಿನವರು ಮೊಬೈಲ್ ಆ್ಯಪಿನಲ್ಲಿ ಊರನ್ನು ಬದಲಿಸದೆ ಉಡುಪಿಯ ದಿನವನ್ನೇ ಹಿಡಿಯುವುದಕ್ಕೂ ಇದೇ ಮಾತು ಅನ್ವಯ.

ಆ ಏಕಾದಶಿಯಂದು ಉಡುಪಿಯ ಮಠಗಳಲ್ಲಿ ತಪ್ತಮುದ್ರಾಧಾರಣೆ. ಸುದರ್ಶನ ಹೋಮದ ಅಗ್ನಿಯಲ್ಲಿ ಕಾಯಿಸಿದ ಶಂಖ ಚಕ್ರದ ಮುದ್ರೆಗಳನ್ನು ಯತಿಗಳು ತೋಳಿಗೆ ಒತ್ತುತ್ತಾರೆ. ಅಂದು ಒಲೆ ಹೊತ್ತದ ಕಾರಣ ಅಡುಗೆಮನೆ ನಿಜವಾಗಿ ಬದಲಾಗುವುದು ಮರುದಿನದ ದ್ವಾದಶಿ ಪಾರಣೆಯಿಂದ, ಅಂದರೆ ಉಪವಾಸ ಮುರಿಯುವ ಊಟದಿಂದ. ಆದ್ದರಿಂದ ದಶಮಿಯಂದೇ ಮನೆಯ ತರಕಾರಿ ಬುಟ್ಟಿ ಖಾಲಿ ಮಾಡಿಡುವುದು ಬುದ್ಧಿವಂತಿಕೆ.

ಮೊದಲ ತಿಂಗಳು ಶಾಕವ್ರತ, ಶ್ರಾವಣ ಶುದ್ಧ ದಶಮಿವರೆಗೆ. ಸೊಪ್ಪು, ಕಾಯಿ, ಗೆಡ್ಡೆ, ಹಣ್ಣು ಇಲ್ಲ, ಮಾವು ಮಾತ್ರ ಆಗುತ್ತದೆ. ಹುಣಸೆ, ಮೆಣಸಿನಕಾಯಿ, ಕೊತ್ತಂಬರಿಯೂ ಇಲ್ಲ. ಅಕ್ಕಿ, ಗೋಧಿ, ಹಾಲು, ಮೊಸರು, ತುಪ್ಪ, ಬೆಲ್ಲ ಆಗುತ್ತದೆ. ಬೇಳೆಯಲ್ಲಿ ತೊಗರಿ ಬದಿಗಿಟ್ಟು ಹೆಸರು, ಉದ್ದು ಬಳಸುವುದು ರೂಢಿ. ಖಾರಕ್ಕೆ ಕಾಳುಮೆಣಸು, ಹುಳಿಗೆ ಮಾವು. ತೆಂಗಿನಕಾಯಿಯ ವಿಷಯದಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ. ಕಟ್ಟುನಿಟ್ಟಿನವರು ಅದನ್ನೂ ಬಿಡುತ್ತಾರೆ. ಹಾಗಾಗಿ ಈ ತಿಂಗಳ ಸಾರನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕು ಜನಕ್ಕೆ ಅರ್ಧ ಲೋಟ ಹೆಸರುಬೇಳೆಯನ್ನು ಒಣ ಬಾಣಲೆಯಲ್ಲಿ ಪರಿಮಳ ಬರುವಷ್ಟು ಹುರಿದು, ತೊಳೆದು, ಮೂರು ಲೋಟ ನೀರಿನಲ್ಲಿ ಪೂರ್ತಿ ಕರಗುವಂತೆ ಬೇಯಿಸಿ. ಬೇಳೆ ಬೆಂದ ಮೇಲೆಯೇ ಒಣಗಿಸಿದ ಮಾವಿನ ಹೋಳು ಮೂರೋ ನಾಲ್ಕೋ ಹಾಕಬೇಕು. ಮೊದಲೇ ಹಾಕಿದರೆ ಹುಳಿಯಿಂದ ಬೇಳೆ ಕಲ್ಲಾಗಿ ನಿಲ್ಲುತ್ತದೆ, ಎಷ್ಟು ಕುದಿಸಿದರೂ ಕರಗುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಹೋಳಾದರೆ ಸಾರಿನ ಉಪ್ಪನ್ನು ಕೊನೆಗೆ ರುಚಿ ನೋಡಿ ಹಾಕಿ. ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ತುಪ್ಪದಲ್ಲಿ ಹುರಿದು ತರಿತರಿಯಾಗಿ ಕುಟ್ಟಿ, ಇಳಿಸುವುದಕ್ಕೆ ಎರಡು ನಿಮಿಷ ಮುಂಚೆ ಸೇರಿಸಿದರೆ ಸಾಕು. ಮೆಣಸು ಹೆಚ್ಚು ಹೊತ್ತು ಕುದಿದರೆ ಪರಿಮಳ ಹೋಗಿ ಬರೀ ಘಾಟು ಉಳಿಯುತ್ತದೆ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಹಿಟ್ಟು, ಅಂಟು ಬೆರೆತಿರುತ್ತದೆ. ಸಂಶಯವಿದ್ದರೆ ಬಿಟ್ಟುಬಿಡುವುದೇ ಸರಿ, ಹೆಸರುಬೇಳೆಗೆ ಜೀರಿಗೆಯೇ ಸಾಲುತ್ತದೆ.

ಈ ತಿಂಗಳಿನ ಕಷ್ಟ ಕರಾವಳಿಯವರಿಗೇ ಗೊತ್ತು. ಆಟಿಯಲ್ಲಿ ಕೆಸುವಿನೆಲೆ ಪತ್ರೊಡೆಗೆ ಹದವಾಗಿರುತ್ತದೆ, ಕಣಿಲೆ (ಎಳೆ ಬಿದಿರು) ಬರುತ್ತದೆ, ತಜಂಕು ಸೊಪ್ಪು ಚಿಗುರುತ್ತದೆ. ಅಕ್ಕಪಕ್ಕದ ಮನೆಗಳಲ್ಲಿ ಅದರದ್ದೇ ಘಮ. ಎಳೆ ಚಿಗುರನ್ನು, ಅದರಲ್ಲಿ ಮೊಟ್ಟೆಯಿಟ್ಟ ಹುಳವನ್ನು ಹಾಗೇ ಬಿಡು ಎಂಬ ನಿಯಮ ಸರಿಯಾಗಿ ಅದೇ ತಿಂಗಳಿಗೆ ಬಿದ್ದಿರುವುದು ಆಕಸ್ಮಿಕವಲ್ಲ ಎಂದೇ ನಾನು ನಂಬುತ್ತೇನೆ. ಕಾಲು ತುಳಿಯಬಾರದೆಂದ ಹುಲ್ಲನ್ನು ಕೈ ಕೊಯ್ಯಬಾರದು, ಅಷ್ಟೇ.

ಎರಡನೆಯದು ದಧಿವ್ರತ, ಭಾದ್ರಪದ ಶುದ್ಧ ದಶಮಿವರೆಗೆ. ಮೊಸರು ಬೇಡ, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಆಗುತ್ತದೆ. ಮೊಸರಿಗೆ ನೀರು ಬೆರೆಸಿ ಕಲಕಿದ್ದನ್ನು ಮಜ್ಜಿಗೆ ಎಂದು ಕುಡಿಯುವುದು ಸಾಮಾನ್ಯವಾಗಿ ಆಗುವ ತಪ್ಪು. ಪೇಟೆಯ ಪ್ಯಾಕೆಟ್ ಮಜ್ಜಿಗೆಯ ಬಗ್ಗೆಯೂ ಅನುಮಾನ ಇರಬೇಕು. ಮೂರನೆಯದು ಕ್ಷೀರವ್ರತ, ಆಶ್ವಯುಜ ಶುದ್ಧ ದಶಮಿವರೆಗೆ. ಹಾಲಿಲ್ಲ, ಹಾಲಿನ ಪಾಯಸ, ಪೇಡ ಇಲ್ಲ, ಮೊಸರು ಆಗುತ್ತದೆ. ಇಲ್ಲಿ ಉಡುಪಿಗೇ ವಿಶಿಷ್ಟವಾದ ತೊಡಕೊಂದಿದೆ. ಉಡುಪಿಯಲ್ಲಿ ಕೃಷ್ಣಜಯಂತಿ ಸೌರಮಾನದ್ದು, ಸಿಂಹಮಾಸ ನೋಡಿ ಮಾಡುತ್ತಾರೆ. ವ್ರತ ಮಾತ್ರ ಚಾಂದ್ರಮಾನದ್ದು. ಶ್ರಾವಣ ಬಹುಳ ಅಷ್ಟಮಿಗೆ ಬಂದರೆ ಜಯಂತಿ ದಧಿವ್ರತದೊಳಗೆ ಬೀಳುತ್ತದೆ, ಜಯಂತಿಯ ಮರುದಿನದ ಉತ್ಸವವಾದ ವಿಟ್ಲಪಿಂಡಿಯ ಮೊಸರು ಕುಡಿಕೆಯ ಮೊಸರು ವ್ರತಸ್ಥರಿಗಿಲ್ಲ. 2025ರಲ್ಲಿ ಅದು ಸೆಪ್ಟೆಂಬರ್ 14ಕ್ಕೆ, ಭಾದ್ರಪದ ಬಹುಳಕ್ಕೆ ಹೋಯಿತು, ಅಂದರೆ ಕ್ಷೀರವ್ರತದೊಳಗೆ. ಮಧ್ಯರಾತ್ರಿ ಹಾಲಿನ ಅರ್ಘ್ಯ ಕೊಡುವುದಕ್ಕೆ ಅಡ್ಡಿಯಿಲ್ಲ, ಅದು ದೇವರಿಗೆ. ಮರುದಿನದ ಉಂಡೆ, ಚಕ್ಕುಲಿ ಮಾಡುವಾಗ ಹಾಲು ಸೋಕದಂತೆ ನೋಡಿಕೊಳ್ಳಬೇಕು. ಯಾವ ವರ್ಷ ಯಾವುದರೊಳಗೆ ಬರುತ್ತದೆಂದು ಮೊದಲೇ ಪಂಚಾಂಗದಲ್ಲಿ ಗುರುತು ಹಾಕಿಟ್ಟರೆ ಅಡುಗೆಯವರಿಗೆ ಪರದಾಟ ತಪ್ಪುತ್ತದೆ.

ನಾಲ್ಕನೆಯದು ದ್ವಿದಳವ್ರತ, ಕಾರ್ತಿಕ ಶುದ್ಧ ದಶಮಿವರೆಗೆ. ಎರಡು ಹೋಳಾಗುವ ಯಾವ ಬೇಳೆಯೂ ಇಲ್ಲ, ಬಹುಬೀಜದ ತರಕಾರಿಯೂ ಇಲ್ಲ. ಉದ್ದು ಹೋದ ಮೇಲೆ ಇಡ್ಲಿ, ಉದ್ದಿನ ದೋಸೆ ಎರಡೂ ಹೋದವು. ದೀಪಾವಳಿ ಈ ತಿಂಗಳಿಗೇ ಬರುತ್ತದೆ, ಕಡಲೆಹಿಟ್ಟಿನ ತಿಂಡಿಯೂ ಇಲ್ಲ. ನಮ್ಮ ನೀರುದೋಸೆ ಕೈಹಿಡಿಯುವುದು ಆಗಲೇ: ಅಕ್ಕಿ, ಉಪ್ಪು, ನೀರು, ಬೇಕಿದ್ದರೆ ತೆಂಗಿನಕಾಯಿ. ಬದನೆ, ಬೆಂಡೆ, ಸೌತೆ ಬೀಜದ ದೆಸೆಯಿಂದ ಹೊರಗೆ. ಸುವರ್ಣಗೆಡ್ಡೆ, ಬಾಳೆದಿಂಡು ಒಳಗೆ. ಮರೆಯುವುದು ಒಗ್ಗರಣೆಯಲ್ಲಿ. ಅಭ್ಯಾಸಬಲದಿಂದ ಸೌಟಿಗೆ ಉದ್ದಿನಬೇಳೆ ಬಿದ್ದಿರುತ್ತದೆ. ಆ ತಿಂಗಳ ಮಟ್ಟಿಗೆ ಒಗ್ಗರಣೆ ಡಬ್ಬಿಯಿಂದ ಉದ್ದು, ಕಡಲೆಬೇಳೆ ತೆಗೆದಿಡುವುದೇ ಇದಕ್ಕೆ ಪರಿಹಾರ. ಸಾರಿನ ಪುಡಿ, ಚಟ್ನಿಪುಡಿಯೊಳಗಿನ ಬೇಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದೇ ದ್ವಿದಳ ಜೈನರ ಅಡುಗೆಮನೆಯಲ್ಲೂ ನಿಷಿದ್ಧ, ಆದರೆ ಲೆಕ್ಕ ಬೇರೆ. ಅವರು ಬೇಳೆಯನ್ನು ಬಿಡುವುದಿಲ್ಲ. ಕಾಯಿಸದ ಹಾಲು ಅಥವಾ ಅದರಿಂದಾದ ಮೊಸರು, ಮಜ್ಜಿಗೆಯ ಜೊತೆ ಬೇಳೆ ಸೇರಿಸುವುದಿಲ್ಲ. ಎರಡೂ ಸೇರಿ ಎಂಜಲು ತಾಗಿದಾಗ ಸೂಕ್ಷ್ಮಜೀವಿಗಳು ಹುಟ್ಟುತ್ತವೆ ಎಂಬುದು ಕಾರಣ. ಮಾಧ್ವರ ಮನೆಯನ್ನು ದ್ವಿದಳದಲ್ಲಿ ಕಾಪಾಡುವ ಸುವರ್ಣಗೆಡ್ಡೆ ಜೈನರಿಗೆ ವರ್ಷವಿಡೀ ವರ್ಜ್ಯ, ಗೆಡ್ಡೆಯೊಂದರಲ್ಲಿ ಅನಂತ ಜೀವಗಳಿರುತ್ತವೆ ಎಂದು. ಹಾಗಾಗಿ ಒಂದೇ ಪಂಕ್ತಿಗೆ ಇಬ್ಬರನ್ನೂ ಕರೆಯುವವರು ‘ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ’ ಎಂದುಕೊಂಡು ನಿಶ್ಚಿಂತರಾಗಬಾರದು.

ಮೂಡುಬಿದಿರೆ, ಕಾರ್ಕಳ, ವೇಣೂರು, ವರಂಗದ ಬಸದಿಗಳ ಆಸುಪಾಸಿನ ಶ್ರಾವಕರ (ಜೈನ ಗೃಹಸ್ಥರ) ಮನೆಗಳಲ್ಲಿ ಮಳೆಗಾಲದ ದೊಡ್ಡ ಕೆಲಸ ನೀರಿನದು. ಬಾವಿಯ ನೀರನ್ನು ದಪ್ಪ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಸೋಸಿದರೆ ಮುಗಿಯಲಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು, ಬಟ್ಟೆ ಮಗುಚಿ ಸೋಸಿದ ನೀರು ಹನಿಸಿ, ಅದೇ ಬಾವಿಗೆ ಮರಳಿಸಬೇಕು. ಮೇಲಿಂದ ಸುರಿದರೆ ಬಿದ್ದ ಪೆಟ್ಟಿಗೇ ಸಾಯುತ್ತವೆ. ಆದ್ದರಿಂದ ಕೊಡಪಾನವನ್ನು ನೀರಿನ ಮಟ್ಟದವರೆಗೆ ಇಳಿಸಿ ಮೆಲ್ಲಗೆ ಬಗ್ಗಿಸುವುದು ಕ್ರಮ. ಬೇರೆ ಬಾವಿಗೆ ಹಾಕುವಂತಿಲ್ಲ, ಒಂದು ಬಾವಿಯ ಜೀವ ಇನ್ನೊಂದರಲ್ಲಿ ಉಳಿಯುವುದಿಲ್ಲ ಎಂಬ ಎಚ್ಚರ. ಹೀಗೆ ಸೋಸಿದ ನೀರಿನ ಮರ್ಯಾದೆ 48 ನಿಮಿಷ, ಅಷ್ಟಾದ ಮೇಲೆ ಮತ್ತೆ ಸೋಸಬೇಕು. ಲವಂಗದಂಥದ್ದು ಹಾಕಿ ಬಣ್ಣ ರುಚಿ ಬದಲಾದರೆ 6 ಗಂಟೆ, ಚೆನ್ನಾಗಿ ಕುದಿಸಿದರೆ 24 ಗಂಟೆ. ಹಿಟ್ಟಿಗೂ ಹೀಗೇ ಅವಧಿ ಇದೆ: ಚಳಿಗಾಲದಲ್ಲಿ 7 ದಿನ, ಬೇಸಗೆಯಲ್ಲಿ 5, ಮಳೆಗಾಲದಲ್ಲಿ 3. ನಮ್ಮ ಕರಾವಳಿಯ ತೇವದಲ್ಲಿ ಡಬ್ಬಿ ತೆರೆದು ನೋಡಿದವರಿಗೆ ಈ ಮೂರು ದಿನ ಎಷ್ಟು ಸರಿಯಾದ ಲೆಕ್ಕವೆಂದು ತಿಳಿಯುತ್ತದೆ.

ಮುನಿಗಳ ಆಹಾರಕ್ಕೆ ಈ ಸಿದ್ಧತೆಯೆಲ್ಲ ಬೇಕು. ದಿಗಂಬರ ಮುನಿ ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುತ್ತಾರೆ. ಗರಿಷ್ಠ 32 ತುತ್ತು. ಗೃಹಸ್ಥರು ಬಾಗಿಲಲ್ಲಿ ನಿಂತು ‘ನಮೋಸ್ತು’ ಎಂದು ಮೂರು ಬಾರಿ ಹೇಳಿ, ‘ಅತ್ರ ತಿಷ್ಠ’ (ಇಲ್ಲಿ ನಿಲ್ಲಿ) ಎಂದು ಬಿನ್ನವಿಸಬೇಕು. ಅಲ್ಲಿಂದ ಒಂಬತ್ತು ಹಂತ: ಸ್ವಾಗತ, ಎತ್ತರದ ಆಸನ, ಪಾದಪ್ರಕ್ಷಾಲನ, ಅರ್ಚನೆ, ಪ್ರಣಾಮ, ಮನಸ್ಸು ಮಾತು ದೇಹ ಮೂರರ ಶುದ್ಧಿ, ಕೊನೆಗೆ ಆಹಾರಶುದ್ಧಿ. ಬೊಗಸೆಯಲ್ಲಿ ಕೂದಲೋ ಸತ್ತ ಹುಳುವೋ ಕಂಡರೆ ಅಂತರಾಯ, ಅಂದರೆ ಊಟಕ್ಕೆ ಅಡ್ಡಿ. ಆ ಕ್ಷಣಕ್ಕೆ ಊಟ ನಿಂತಿತು, ಮರುದಿನದವರೆಗೆ ನೀರೂ ಇಲ್ಲ. ಇಂಥ ಅಂತರಾಯಗಳು 32 ಎಂದು ಎಣಿಸಿದ್ದಾರೆ. ಮಳೆಗಾಲದಲ್ಲಿ ಇದು ಹೆಚ್ಚು, ದೀಪದ ಹುಳು ಬಿಸಿ ಪಾತ್ರೆಗೆ ಬೀಳುತ್ತದೆ. ಬಡಿಸುವವರು ತಲೆಗೆ ಬಟ್ಟೆ ಕಟ್ಟುವುದು, ಅನ್ನವನ್ನು ತಟ್ಟೆಯಲ್ಲಿ ಹರಡಿ ಹಗಲು ಬೆಳಕಿನಲ್ಲಿ ಕಾಳುಕಾಳಾಗಿ ನೋಡುವುದು ಇದಕ್ಕೇ. ಮೂಡುಬಿದಿರೆ, ಕಾರ್ಕಳದ ಮಠಗಳ ಭಟ್ಟಾರಕರನ್ನು ಮುನಿಗಳೆಂದು ತಿಳಿದು ಗೊಂದಲವಾಗುವವರಿದ್ದಾರೆ. ಭಟ್ಟಾರಕರು ವಸ್ತ್ರಧಾರಿಗಳು, ಮಠಾಧಿಪತಿಗಳು, ಅವರ ಕ್ರಮ ಬೇರೆ.

ಬೌದ್ಧರ ವಸ್ಸಾವಾಸಕ್ಕೆ ಈಗ ಇಲ್ಲಿ ಭಿಕ್ಷುಸಂಘವಿಲ್ಲ. ಆದರೆ ಮಂಗಳೂರಿನ ಕದ್ರಿಯ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠಶಾಸನ, ಅಳುಪ ದೊರೆ ಕುಂದವರ್ಮ 968ರಲ್ಲಿ ಅದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ವಿಹಾರವೆಂದ ಮೇಲೆ ಆ ಗುಡ್ಡದ ಮೇಲೂ ಮಳೆಗಾಲ ಕಳೆದವರು ಇದ್ದಿರಬೇಕು. ವಸ್ಸಾವಾಸದ ನಿಯಮ ನೋಡಿದರೆ ಅದರ ಒತ್ತು ಪೂರ್ತಿ ವಾಸದ ಮೇಲೆಯೇ ಇದೆ. ‘ಇಮಸ್ಮಿಂ ಆವಾಸೇ ಇಮಂ ತೇಮಾಸಂ ವಸ್ಸಂ ಉಪೇಮಿ’ ಎಂದು, ಈ ವಾಸದಲ್ಲಿ ಈ ಮೂರು ತಿಂಗಳು ಮಳೆಗಾಲ ಕಳೆಯುತ್ತೇನೆಂದು, ಸಂಕಲ್ಪ. ಮರದ ಪೊಟರೆಯಲ್ಲಿ, ಬಯಲಲ್ಲಿ, ಕೊಡೆಯ ಕೆಳಗೆ ವಸ್ಸ ಹಿಡಿಯುವಂತಿಲ್ಲ, ಸರಿಯಾದ ಸೂರು ಬೇಕು. ದಿನದ ಲೆಕ್ಕ ಅರುಣೋದಯಕ್ಕೆ: ಬೆಳಕು ಹರಿಯುವಾಗ ಗಡಿಯೊಳಗೆ ಇರಬೇಕು. ತಂದೆತಾಯಿಗೆ ಕಾಯಿಲೆ, ಸಂಘದ ಕೆಲಸದಂಥ ಕಾರಣಕ್ಕೆ ಹೋದರೆ ಏಳು ದಿನದೊಳಗೆ ಮರಳಬೇಕು. ಕಾಡುಪ್ರಾಣಿ, ಹಾವು, ಕಳ್ಳರು, ಬೆಂಕಿ, ನೆರೆ ಬಂದರೆ ಬಿಟ್ಟು ಹೋಗುವುದು ದೋಷವಲ್ಲ. ಕೊನೆಯ ದಿನ ಪವಾರಣಾ. ಪ್ರತಿಯೊಬ್ಬ ಭಿಕ್ಷುವೂ ಸಂಘದ ಮುಂದೆ ಕುಳಿತು, ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ಕರುಣೆಯಿಂದ ಹೇಳಿ ಎಂದು ಬೇಡಿಕೊಳ್ಳುತ್ತಾನೆ. ಮೂರು ತಿಂಗಳು ಒಂದೇ ಸೂರಿನಡಿ ಇದ್ದವರ ನಡುವೆ ಏನೇನು ಕೂಡಿಟ್ಟಿರುತ್ತದೆ ಎಂಬುದನ್ನು ಬಲ್ಲವರು ಮಾಡಿದ ವಿಧಿ ಇದು. ನನಗೆ ಈ ಮೂರು ಪರಂಪರೆಗಳ ಮಳೆಗಾಲದ ವಿಧಿಗಳಲ್ಲೇ ಅತಿ ಹಿರಿದೆನಿಸಿದ್ದೂ ಇದೇ. ನೋಡಬಯಸುವವರು ಮಡಿಕೇರಿ ದಾಟಿ ಬೈಲಕುಪ್ಪೆಗೆ ಹೋಗಬಹುದು. ಅಲ್ಲಿನ ಟಿಬೆಟನ್ನರು ಮೂಲಸರ್ವಾಸ್ತಿವಾದ ಎಂಬ ಬೇರೊಂದು ಬೌದ್ಧ ಶಾಖೆಯ ವಿನಯದವರು, ಅವರ ದಿನಾಂಕ ಥೇರವಾದಿಗಳಿಗಿಂತ ಬೇರೆ ಬರಬಹುದು, ವಿಚಾರಿಸಿ ಹೋಗಿ.

ಯತಿಗಳ ಮೃತ್ತಿಕೆಯ (ಮಣ್ಣಿನ) ವಿಷಯವೂ ಮೊದಲು ಹೇಳಿದ, ಜೀವ ತುಳಿಯದ ಎಚ್ಚರಕ್ಕೇ ಕೂಡುತ್ತದೆ. ಶೌಚಕ್ಕೆ ಬೇಕಾದ ಮಣ್ಣನ್ನು ಚಾತುರ್ಮಾಸ್ಯದ ಸಂಕಲ್ಪದ ಹೊತ್ತಿಗೇ ತಂದು, ಪೂಜಿಸಿ, ಇಟ್ಟುಕೊಳ್ಳುತ್ತಾರೆ. ಮಳೆಯಲ್ಲಿ ನೆಲ ಅಗೆದರೆ ಜೀವ ಸಾಯುತ್ತದಲ್ಲ! ಮುಗಿದ ದಿನ ಅದರ ವಿಸರ್ಜನೆ. ಭಕ್ತರಿಗೆ ಕಾಣುವುದು ಪಾದಪೂಜೆ, ಭಿಕ್ಷೆ, ಫ್ಲೆಕ್ಸು. ಹರಿವಾಣದಲ್ಲಿರುವ ಆ ಮಣ್ಣಿನ ಮುದ್ದೆಗಳನ್ನು ಒಮ್ಮೆ ನೋಡಿ ಬನ್ನಿ ಎಂದು ನಾನು ಹೇಳುತ್ತೇನೆ.

ಗೃಹಸ್ಥರ ವ್ರತದಲ್ಲಿ ಬಹಳ ಮನೆಗಳಲ್ಲಿ ಬಿಟ್ಟುಹೋಗುವುದು ಸಮರ್ಪಣೆ. ಪ್ರತಿ ತಿಂಗಳ ವ್ರತ ಮುಗಿದಾಗ ಬಿಟ್ಟ ವಸ್ತುವನ್ನೇ ದಾನ ಕೊಟ್ಟು ಆಮೇಲೆ ತಾವು ತಿನ್ನಬೇಕು: ಶಾಕವ್ರತಕ್ಕೆ ತರಕಾರಿ, ದಧಿಗೆ ಮೊಸರು, ಕ್ಷೀರಕ್ಕೆ ಹಾಲು, ದ್ವಿದಳಕ್ಕೆ ಬೇಳೆಕಾಳು. ಉತ್ಥಾನ ದ್ವಾದಶಿಯಂದು ಸಂಜೆ ತುಳಸಿಕಟ್ಟೆಗೆ ನೆಲ್ಲಿ ಟೊಂಗೆ ಸಿಕ್ಕಿಸಿ ಪೂಜೆ, ರಥಬೀದಿಯಲ್ಲಿ ಲಕ್ಷದೀಪದ ಗಡಿಬಿಡಿ. ಆ ಸಡಗರದಲ್ಲಿ ಕೊನೆಯ ದಾನ ಮರೆತುಹೋಗುತ್ತದೆ. ದಶಮಿಯಂದೇ ಹೆಸರು, ಉದ್ದು, ತೊಗರಿ, ಕಡಲೆ ಒಂದೊಂದು ಸೇರು ಅಳೆದು ಚೀಲ ಕಟ್ಟಿ ದೇವರ ಕೋಣೆಯಲ್ಲಿ ಇಟ್ಟುಬಿಡಿ, ದ್ವಾದಶಿ ಬೆಳಗ್ಗೆ ಪಾರಣೆಗೆ ಮುಂಚೆ ಕೊಟ್ಟು ಬರಬಹುದು.